ಜಾರಿದ ಕಾಲುಚೀಲ

"ಇದರ ಕಾಲುಚೀಲ ಮೇಲೆತ್ತಿ ಒಂದು ಹೊಲಿಗೆ ಹಾಕ್ಕೊಡಿ," ಎಂದು ಗಿರಾಕಿ ಹೆಬ್ಬೆರಳುದ್ದದ ಉಣ್ಣೆಯ ಕಪ್ಪೆಯನ್ನು ಮೇಜಿನ ಮೇಲಿಟ್ಟಳು. ಬೊಂಬೆ ಹೆಣೆಯುವವಳು ಸೂಜಿಗೆ ಕೆಂಪು ದಾರ ಪೋಣಿಸಿಕೊಂಡು ಎಡಗಾಲಿನ ಚೀಲವನ್ನು ಎಳೆದಳು. ಅದು ಮೇಲೆ ಬರಲೇ ಇಲ್ಲ. ಜಾರಿದ್ದಲ್ಲ ಅದು, ಜಾರಿದಂತೆಯೇ ಹೆಣೆದದ್ದು. ಹೆಣಿಗೆಯೆಲ್ಲ ಎಡಕ್ಕೆ ವಾಲಿತ್ತು, ಎಡಗೈಯವರು ಹೆಣೆದರೆ ವಾಲುವ ಹಾಗೆ.

ಅವಳಿಗೆ ಹೆಣಿಗೆ ಕಲಿಸಿದ ಅಕ್ಕ ಎಡಚಿ. ಕಪ್ಪೆಗೆ ಕಾಲುಚೀಲ ತೊಡಿಸುವ ಹುಚ್ಚು ಇನ್ನಾರಿಗಿದ್ದೀತು? ತಂಗಿಯ ಎಡಗಾಲಿನ ಚೀಲ ಎಷ್ಟು ಎಳೆದರೂ ನಿಲ್ಲದ್ದಕ್ಕೆ ಅವಳನ್ನು 'ಜಾರುಬಂಡಿ' ಎಂದೇ ಕರೆಯುತ್ತಿದ್ದಳು. ಅಕ್ಕ ಒಂದು ದಿನ ಅಪ್ಪನ ಜೊತೆ ಮಾತಿಗೆ ಮಾತು ಬೆಳೆದು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟವಳು, ಆಮೇಲೆ ಸುದ್ದಿಯೇ ಇಲ್ಲ.

"ಎಲ್ಲಿ ತಗೊಂಡ್ರಿ ಇದನ್ನ?"

"ರೈಲಲ್ಲಿ ಬರೋವಾಗ. ಕಿಟಕಿ ಹತ್ರ ಬಂದು ಒಬ್ಬರು ಹೆಂಗಸು ಮಾರ್ತಿದ್ರು. ಯಾವ ಸ್ಟೇಷನ್ನೋ ಏನೋ, ನಿದ್ದೆಗಣ್ಣಲ್ಲಿ ನೋಡ್ಲಿಲ್ಲ. ಪಾಪ, ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ ಅನ್ಸುತ್ತೆ. ಮೊಲ, ಕರಡಿ, ಬಾತುಕೋಳಿ, ಎಲ್ಲದಕ್ಕೂ ಎಡಗಾಲಿನ ಚೀಲ ಹೀಗೇ ಇಳಿದುಹೋಗಿತ್ತು."

"ಎಲ್ಲದಕ್ಕೂನಾ?"

"ಎಲ್ಲದಕ್ಕೂ."

ಅವಳು ಸೂಜಿಯನ್ನು ಪಕ್ಕದ ಪುಟ್ಟ ಮೆತ್ತೆಗೆ ಚುಚ್ಚಿಟ್ಟಳು. "ಇದು ಸರಿಯಾಗೇ ಇದೆ," ಎಂದಳು. ಕಪ್ಪೆಯನ್ನು ವಾಪಸು ಕೊಡಲು ಮಾತ್ರ ಕೈಯೇ ಏಳಲಿಲ್ಲ. ಮೇಜಿನ ಕೆಳಗೆ ಅವಳ ಎಡಗಾಲಿನ ಚೀಲ ಎಂದಿನಂತೆ ಹಿಮ್ಮಡಿಗೆ ಇಳಿದಿತ್ತು. ದಿನಕ್ಕೆ ಹತ್ತು ಸಲ ಬೈದುಕೊಂಡು ಎಳೆಯುತ್ತಿದ್ದವಳು ಇಂದು ಅದನ್ನು ಹಾಗೇ ಬಿಟ್ಟಳು.