ಹೆಸರು ಅಳಿಸಿದ ಲೇಖನ

ಲೇಖಕರು ಯಾರೆಂದು ಪರಿಶೀಲಕರಿಗಿರಲಿ, ಸಂಪಾದಕರಿಗೂ ತಿಳಿಯಕೂಡದು ಎನ್ನುವಷ್ಟು ಶಿಸ್ತಿನ ಸಂಶೋಧನಾ ಪತ್ರಿಕೆ ಅದು. ವೀಳ್ಯದೆಲೆ ಬಳ್ಳಿಯ ಸೊರಗು ರೋಗದ ಬಗ್ಗೆ ಬಂದ ಲೇಖನವೊಂದನ್ನು, ಹೆಸರು ಅಳಿಸಿ, ಆ ವಿಷಯದಲ್ಲಿ ಎತ್ತಿದ ಕೈ ಎನಿಸಿದ್ದ ಪ್ರೊಫೆಸರರ ಅಭಿಪ್ರಾಯಕ್ಕೆ ಕಳಿಸಿತ್ತು. ಪ್ರೊಫೆಸರರು ತಮ್ಮ ಪಿಎಚ್.ಡಿ. ವಿದ್ಯಾರ್ಥಿನಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಆಕೆಯ ಪದವಿಗೆ ಇನ್ನೊಂದೇ ಒಂದು ಲೇಖನ ಅಚ್ಚಾಗುವುದು ಬಾಕಿಯಿತ್ತು.

"ನೋಡಮ್ಮ, ನೂರು ಬಳ್ಳಿ ನೆಟ್ಟಿದಾರೆ, ಅದ್ರಲ್ಲಿ ನೂರ ಏಳು ಸತ್ತಿವೆಯಂತೆ! ಬರ್ಕೋ, ಪ್ರಕಟಣೆಗೆ ಯೋಗ್ಯವಲ್ಲ."

ಅವಳ ಬೆರಳು ಕೀಬೋರ್ಡಿನ ಮೇಲೆ ತಡವರಿಸಿತು. "ಸರ್, ಒಂದು ಮಾತು..."

"ಕನಿಕರ ಎಲ್ಲ ಬೇಡ. ಯಾರೋ ಪಾಪದ ವಿದ್ಯಾರ್ಥಿ ಅವಸರದಲ್ಲಿ ಬರೆದಿರ್ತಾರೆ. ಗೈಡ್ ಅನ್ನಿಸ್ಕೊಂಡೋನು ಕಣ್ಣೂ ಹಾಯಿಸ್ದೆ ತನ್ನ ಹೆಸರು ಮೊದಲು ಹಾಕಿಸ್ಕೊಂಡಿರ್ತಾನೆ. ನಾಚಿಕೆಗೇಡು! ಅದನ್ನೂ ಸೇರ್ಸು."

"ಸೇರ್ಸಿದೆ ಸರ್. ಆದ್ರೆ..."

"ಇಂಥವರ ಲೇಖನ ಇನ್ನೆರಡು ವರ್ಷ ಮುಟ್ಟಬಾರ್ದು ಅಂತ ಶಿಫಾರಸು ಮಾಡು. ಎದುರಿಗೆ ಸಿಕ್ಕಿದ್ರೆ ನಾನೇ ನಾಲ್ಕು ಮಾತು ಕೇಳ್ತಿದ್ದೆ. ಆಯ್ತಾ? ಕಳಿಸು."

"ಕಳಿಸ್ಲೇಬೇಕಾ ಸರ್?"

"ಕಳಿಸು ಅಂದ್ನಲ್ಲ!"

ಅವಳು ಕಣ್ಣು ಮುಚ್ಚಿಕೊಂಡು ಬಟನ್ ಒತ್ತಿದಳು.

ಪ್ರೊಫೆಸರರು ನಿರಾಳವಾಗಿ ಕಾಫಿ ಲೋಟ ಎತ್ತಿಕೊಂಡರು. "ಹ್ಞಾಂ, ಕೇಳೋದೇ ಮರೆತಿದ್ದೆ. ಹೋದ ತಿಂಗಳು ಓದೋಕೆ ಪುರಸೊತ್ತಿಲ್ದೆ ಹಾಗೇ ಸಹಿ ಹಾಕಿ ಕೊಟ್ನಲ್ಲ, ನಮ್ಮಿಬ್ಬರ ಲೇಖನ, ಅದೇನಾಯ್ತಮ್ಮ?"

"ಈಗ ತಾನೇ ರಿಜೆಕ್ಟ್ ಆಯ್ತು ಸರ್."