ನೀರಿನ ಮೇಲೆ ನಡೆದ ಮದುವೆ

"ಈಕೆ ಒಬ್ಬನ ಹೆಂಡತಿಯೋ, ಸರ್ಕಾರದ ನೌಕರಿಯವಳೋ? ಎರಡರಲ್ಲಿ ಒಂದನ್ನ ಹೇಳಿಬಿಡಯ್ಯಾ, ಮಂಗಳವಾರದೊಳಗೆ. ಎರಡೂ ಆಗೋಕೆ ಕಾನೂನು ಬಿಡಲ್ಲ," ಎನ್ನುತ್ತಾ ಮಕ್ರೋರಿ ಸಾಹೇಬರು ಕಡತವನ್ನು ಮೇಜಿನ ಮೇಲೆ ಎಸೆದರು.

ಆಲ್ಬನ್ ಟ್ರೆಲೋರ್ ಅದನ್ನು ಬಿಚ್ಚಿದ. ಮೆಲ್ಬರ್ನಿನ ಆ ಕಚೇರಿಯಲ್ಲಿ ಸರ್ಕಾರಕ್ಕೆ ಕಾನೂನು ಸಲಹೆಯ ಕರಡು ಬರೆಯುವವನು ಅವನೊಬ್ಬನೇ. ಆರು ವಸಾಹತುಗಳು ಸೇರಿ ಒಕ್ಕೂಟವಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹೊಸ ಸಂಸಾರವಲ್ಲವೇ, ದಿನಕ್ಕೊಂದು ತಕರಾರು. ಸುಂಕ ಯಾರಿಗೆ ಸೇರಬೇಕು, ದೀಪಸ್ತಂಭ ಯಾರದು, ಅಂಚೆಯವನ ಕುದುರೆಗೆ ಹುಲ್ಲು ಹಾಕುವವರು ಯಾರು, ಎಲ್ಲಕ್ಕೂ ಇಲ್ಲಿಂದಲೇ ಉತ್ತರ ಹೋಗಬೇಕು. ಪಕ್ಷಪಾತ ಬರಬಾರದೆಂದು ಪ್ರಶ್ನೆಯಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಹೆಸರು ಸಾಹೇಬರಿಗೆ ಮಾತ್ರ ಗೊತ್ತು.

ಈ ಪ್ರಶ್ನೆಯಲ್ಲೂ ಇರಲಿಲ್ಲ. ತಂತಿ ಕಚೇರಿಯ ಮಹಿಳೆಯೊಬ್ಬರಿಗೆ ನದಿ ದಡದ ಎಚೂಕಾ ಊರಿನ ಕಟ್ಟೆಗೆ ಕಟ್ಟಿದ್ದ ಉಗಿದೋಣಿಯ ಮೇಲೆ, ವಿಕ್ಟೋರಿಯಾ ರಾಜ್ಯದ ಪಾದ್ರಿಯಿಂದ ಮದುವೆ ನಡೆದಿದೆ. ಮದುವೆಯಾದ ಹೆಣ್ಣು ಸರ್ಕಾರಿ ನೌಕರಿ ಬಿಟ್ಟಂತೆಯೇ ಎನ್ನುವ ಹೊಸ ಕಾಯ್ದೆ ಆಕೆಗೆ ಅನ್ವಯಿಸುತ್ತದೆಯೇ?

ಆಲ್ಬನ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಆ ದೋಣಿಯ ಮೇಲೆ ಹೆಸ್ಟರ್‌ಗೆ ಉಂಗುರ ತೊಡಿಸಿದವನು ಅವನೇ.

"ಯಾಕಯ್ಯಾ, ದೆವ್ವ ಕಂಡವನ ಹಾಗೆ?"

"ಸೆಕೆ, ಸಾರ್."

"ಸೆಕೆಯಂತೆ! ಹೊರಗೆ ಆಲಿಕಲ್ಲು ಬೀಳ್ತಿದೆ."

ಮದುವೆ ಊರ್ಜಿತ ಎಂದು ಬರೆದರೆ ಹೆಸ್ಟರ್‌ಳ ಕೆಲಸ ಹೋಗುತ್ತದೆ. ಎಚೂಕಾದಲ್ಲಿ ಹಾಸಿಗೆ ಹಿಡಿದಿರುವ ಅವಳ ತಾಯಿಯ ಅನ್ನ ಹೋಗುತ್ತದೆ. ಅಸಿಂಧು ಎಂದು ಬರೆದರೆ ಹೆಂಡತಿಯೇ ಹೋಗುತ್ತಾಳೆ. ನಾನು ಬರೆಯಲಾರೆ ಎಂದರೆ ಸಾಹೇಬರು ಕಾರಣ ಕೇಳುತ್ತಾರೆ. ಯಾವ ಬಾಗಿಲು ತಳ್ಳಿದರೂ ಹೊರಗಿನಿಂದ ಚಿಲಕ.

ಭಾನುವಾರ ಉದ್ಯಾನದ ಕೊಳದ ಬಳಿ ಹೆಸ್ಟರ್ ಸಿಕ್ಕಳು. ಮದುವೆಯಾದ ಮೇಲೂ ಅವರದು ಭಾನುವಾರದ ಸಂಸಾರವೇ. ಗುಟ್ಟು ಹೊರಬೀಳದಿರಲೆಂದು ಅವನಿಗೊಂದು ಬಾಡಿಗೆ ಕೋಣೆ, ಅವಳಿಗೊಂದು. ಕೊಳದ ದಂಡೆಯಲ್ಲಿ ಪರಿಚಯದವರಂತೆ ಎರಡು ಗಂಟೆಯ ಮಾತು.

"ಯಾರೋ ಚಾಡಿ ಹೇಳಿದ್ದಾರೆ," ಎಂದ.

"ಇನ್ಯಾರು, ನನ್ನ ಪಕ್ಕದ ಕುರ್ಚಿಯ ಸ್ಪ್ರೋಲ್. ನನ್ನ ಜಾಗಕ್ಕೆ ತಂಗಿಯ ಮಗನ್ನ ತಂದು ಕೂರಿಸೋ ಆಸೆ ಅವನಿಗೆ. ಮೂತಿ ನೋಡಿದ್ರೇ ಗೊತ್ತಾಗುತ್ತೆ." ಅವಳು ಬಾತುಕೋಳಿಗಳಿಗೆ ಬ್ರೆಡ್ಡಿನ ಚೂರು ಎಸೆದಳು.

"ದೋಣಿ ವಿಷಯ ಅವನಿಗೆ ಹೇಗೆ ಗೊತ್ತಾಯ್ತು? ಪಾದ್ರಿ ತೀರಿಕೊಂಡರು. ದೋಣಿಯವನು ಚಿನ್ನ ಅಗೆಯೋಕೆ ಪಶ್ಚಿಮಕ್ಕೆ ಹೋದ. ಉಳಿದವರು ನಾವಿಬ್ಬರೇ."

"ನಮ್ಮದು ತಂತಿ ಕಚೇರಿ ಕಣೋ. ಅಲ್ಲಿ ಯಾವ ಗುಟ್ಟು ನಿಲ್ಲುತ್ತೆ?"

ಅವನು ದನಿ ತಗ್ಗಿಸಿದ. "ನಿನ್ನ ಕೆಲಸ ಉಳಿಸೋಕೆ ಒಂದು ದಾರಿ ಇದೆ. ಮರ್ರೆ ನದಿಯ ನೀರು ಪೂರ್ತಿ ನ್ಯೂ ಸೌತ್ ವೇಲ್ಸ್ ರಾಜ್ಯದ್ದು. ವಿಕ್ಟೋರಿಯಾ ದಡದ ಅಂಚಿಗೇ ಮುಗಿದುಹೋಗುತ್ತೆ. ನಮ್ಮ ಪಾದ್ರಿಗೆ ಅಧಿಕಾರ ಇದ್ದದ್ದು ದಡದ ಮೇಲೆ ಮಾತ್ರ. ದೋಣಿ ನೀರಲ್ಲಿತ್ತು. ಅಂದ್ರೆ..."

"ಅಂದ್ರೆ ನಮಗೆ ಮದುವೆಯೇ ಆಗಿಲ್ಲ." ಎಚೂಕಾದಲ್ಲೇ ಹುಟ್ಟಿ ಬೆಳೆದವಳು, ತಕ್ಷಣ ಹೊಳೆಯಿತು.

"ಬೇಜಾರಾಗಲ್ವಾ ನಿನಗೆ?"

"ಬೇಜಾರು ಮಾಡ್ಕೊಂಡ್ರೆ ಅಮ್ಮನ ಹೊಟ್ಟೆ ತುಂಬುತ್ತಾ? ಬರಿ. ಎಲ್ಲೂ ಸಂದು ಬಿಡಬೇಡ. ನಾಳೆ ಯಾರೂ ಬಂದು, ಇಲ್ಲ, ಮದುವೆ ಆಗಿತ್ತು ಅನ್ನಬಾರದು."

"ಯಾರೂ?"

"ಯಾರೂ." ಅವಳು ಅವನ ಕೋಟಿನ ಕಾಲರು ಸರಿಮಾಡಿ, ಅಂಗೈಯನ್ನು ಒಂದು ಗಳಿಗೆ ಅಲ್ಲೇ ಇಟ್ಟಳು. "ನೀನು ಒಳ್ಳೆಯವನು, ಆಲ್ಬಿ."

ಅವನು ಬರೆದ. ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ. ನದಿ ಯಾರದೆಂದು ಹೇಳುವ ಹಳೆಯ ಕಾಯ್ದೆಯನ್ನು ಹುಡುಕಿ ತೆಗೆದ. ದೋಣಿಯ ಹಗ್ಗ ವಿಕ್ಟೋರಿಯಾದ ಕಂಬಕ್ಕೆ ಕಟ್ಟಿತ್ತಲ್ಲ ಎಂಬ ವಾದ ಬಂದೀತೆಂದು ಅದಕ್ಕೂ ಒಂದು ಪ್ಯಾರಾ ಇಟ್ಟ. ಒಂದೊಂದು ಸಾಲು ಮುಗಿದಾಗಲೂ ಲೇಖನಿ ಕೆಳಗಿಟ್ಟು, ಮತ್ತೆ ಎತ್ತಿಕೊಂಡ. ಕಾಗದ ಏನಾದರೂ ಹೇಳಿಕೊಳ್ಳಲಿ, ಭಾನುವಾರಗಳು ಇದ್ದೇ ಇರುತ್ತವೆ ಎಂದು ಸಮಾಧಾನ ಹೇಳಿಕೊಂಡ. ಕೊನೆಯ ಸಾಲು: ವಿವಾಹವೇ ನಡೆದಿಲ್ಲವಾದ್ದರಿಂದ ಆಕೆ ಅವಿವಾಹಿತೆ, ನೌಕರಿಯಲ್ಲಿ ಮುಂದುವರಿಯಬಹುದು.

ಮಂಗಳವಾರ ಮಂತ್ರಿಗಳ ಸಹಿ ಬಿತ್ತು. ಸಹಿ ಬಿದ್ದ ಸಲಹೆಗೆ ಒಕ್ಕೂಟದ ಎಲ್ಲ ಇಲಾಖೆಗಳೂ ತಲೆಬಾಗಬೇಕು. ಬರೆದವನೂ ಕೂಡ.

ಗುರುವಾರ ಮಕ್ರೋರಿ ಸಾಹೇಬರು ಟೋಪಿಯನ್ನು ಮಗುಚಿ ಹಿಡಿದುಕೊಂಡು ಬಂದರು.

"ಜೇಬು ಬಿಚ್ಚು, ಟ್ರೆಲೋರ್. ಉಡುಗೊರೆಗೆ ಚಂದಾ ಎತ್ತುತ್ತಾ ಇದ್ದೀವಿ."

"ಯಾರಿಗೆ, ಸಾರ್?"

"ನಿನ್ನ ತಂತಿ ಹುಡುಗಿಗೇ ಕಣಯ್ಯಾ! ಸಹಿ ಬಿತ್ತಲ್ಲ, ಇನ್ನು ಹೆಸರು ಹೇಳಬಹುದು. ಹೆಸ್ಟರ್ ಕ್ವಿಲ್ಟಿ ಅಂತ. ನಿನ್ನ ಬರಹ ಓದಿ ಕಣ್ಣೀರು ಹಾಕಿಬಿಟ್ಟಳು."

ಆಲ್ಬನ್‌ಗೆ ಎದೆ ತುಂಬಿ ಬಂತು. "ಕೆಲಸ ಉಳಿಯಿತಲ್ಲ, ಅಷ್ಟು ಸಾಕು. ಚಾಡಿ ಹೇಳಿದವನಿಗೆ ಸರಿಯಾಯ್ತು."

"ಚಾಡಿಯೇ? ಯಾರು ಹೇಳಿದ್ದು? ಆಕೆಯೇ ನನ್ನ ಹತ್ತಿರ ಬಂದು ಕೇಳಿದ್ದು. ದೋಣಿ, ಕಟ್ಟೆ, ಪಾದ್ರಿ ಎಲ್ಲಾ ಹೇಳಿದಳು. ಆ ಗಂಡಸಿನ ಹೆಸರು ಮಾತ್ರ ಬಾಯಿ ಬಿಡಲಿಲ್ಲ. 'ಪಾಪ, ಒಳ್ಳೆಯವನು' ಅಂದಳು, ಅಷ್ಟೇ." ಸಾಹೇಬರು ಟೋಪಿಯನ್ನು ಅವನ ಮೂಗಿನ ಕೆಳಗೆ ಕುಲುಕಿದರು. "ಇವತ್ತು ಬೆಳಿಗ್ಗೆ ರಾಜೀನಾಮೆ ಕೊಟ್ಟಳು. ಶನಿವಾರ ಜೀಲಾಂಗಿನ ಉಣ್ಣೆ ವ್ಯಾಪಾರಿಯ ಜೊತೆ ಮದುವೆ. ಈ ಸಲ ಗಟ್ಟಿ ನೆಲದ ಮೇಲೆ!"

ಆಲ್ಬನ್ ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನೆಲ್ಲ ಟೋಪಿಯೊಳಗೆ ಸುರಿದ.