ಗಂಡನ ಗೆರೆ, ಹೆಂಡತಿಯ ಗೆರೆ

ಕಚೇರಿಯ ಪರದೆಯ ಮೇಲೆ ಎರಡು ಗೆರೆಗಳು ಒಟ್ಟಿಗೆ ಮೂಡಿದ ಕೂಡಲೇ ಗಂಡ ಹೆಂಡತಿ ಇಬ್ಬರೂ ಕುರ್ಚಿಯಿಂದ ಅರ್ಧ ಎದ್ದರು. ರಿಯಾಕ್ಟರಿನೊಳಗೆ ಯಾವ ಶಕ್ತಿಯ ನ್ಯೂಟ್ರಾನುಗಳು ಎಷ್ಟಿವೆ ಎಂಬ ಒಂದೇ ಲೆಕ್ಕವನ್ನು ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಮಾಡಿದ್ದರು. ಅವಳು ಶಕ್ತಿಯನ್ನು ಗುಂಪುಗಳಾಗಿ ಹಂಚಿ ಸಮೀಕರಣ ಬಿಡಿಸಿದ್ದಳು; ಅವನು ಕಂಪ್ಯೂಟರಿನಲ್ಲಿ ದಾಳ ಉರುಳಿಸಿದ ಹಾಗೆ ಒಂದೊಂದೇ ನ್ಯೂಟ್ರಾನನ್ನು ಓಡಿಸಿ ಎಣಿಸಿದ್ದ. "ನಿನ್ನ ಗುಂಪುಗಳು ತೀರಾ ದೊಡ್ಡವು" ಎಂದು ಅವನು, "ನಿಮ್ಮ ನ್ಯೂಟ್ರಾನುಗಳು ಸಾಲಲ್ಲ" ಎಂದು ಅವಳು, ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಕಿತ್ತಾಡಿದ್ದರು.

ಗೆರೆಗಳು ಉದ್ದಕ್ಕೂ ಕೂಡಿಕೊಂಡೇ ಹೋಗಿ, ನಡುವೆ ಒಂದು ಕಡೆ ಮಾತ್ರ ಮುನಿಸಿಕೊಂಡಂತೆ ದೂರವಾಗಿದ್ದವು. ಪಕ್ಕದಲ್ಲೇ ನಿಂತಿದ್ದ ವಿಭಾಗದ ಮುಖ್ಯಸ್ಥರು ಅಲ್ಲಿಗೇ ಬೆರಳಿಟ್ಟರು. "ಹೊಸ ಇಂಧನಕ್ಕೆ ಇದನ್ನ ನೋಡಿಯೇ ಒಪ್ಪಿಗೆ ಕೊಡ್ಬೇಕು. ಮೇಡಂ, ನಿಮ್ಮ ಗುಂಪುಗಳು ಇಲ್ಲಿ ದೊಡ್ಡವಾದ್ವು. ಇಷ್ಟೂ ಗೊತ್ತಾಗ್ಲಿಲ್ವಾ?"

ಹೆಂಡತಿಯ ಮುಖ ಬಾಡಿತು. ಅದನ್ನು ಕಂಡ ಗಂಡನಿಗೆ ಗೆದ್ದ ಖುಷಿ ಬರಲೇ ಇಲ್ಲ. "ಇಲ್ಲ ಸರ್, ಅವಳ ಗುಂಪು ಸರಿಯಾಗೇ ಇದೆ. ನನ್ನ ನ್ಯೂಟ್ರಾನುಗಳೇ ಅಲ್ಲಿ ಸಾಲ್ಲಿಲ್ಲ," ಎಂದುಬಿಟ್ಟ.

"ಯಾಕ್ರೀ ಸಾಲಲ್ಲ? ಬೇಕಾದಷ್ಟಿವೆ!" ಎಂದು ಹೆಂಡತಿ ಅವನ ಮೇಲೇ ರೇಗಿದಳು. "ಸರ್, ನನ್ನ ಗುಂಪುಗಳೇ ದೊಡ್ಡವು."

"ದೊಡ್ಡವೇನಲ್ಲ, ಸುಮ್ನಿರೇ!"

ಮುಖ್ಯಸ್ಥರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಮನೆಗೆ ಹೋಗಿ, ಯಾರ ತಪ್ಪು ಅಂತ ತೀರ್ಮಾನ ಮಾಡ್ಕೊಂಡು ಬನ್ನಿ."

"ಅಯ್ಯೋ, ಮನೇಲಿ ಬೇಡ ಸರ್," ಎಂದಳು ಹೆಂಡತಿ. "ಮನೇಲಿ ಇಬ್ಬರೂ 'ನಂದೇ ಸರಿ' ಅಂತೀವಿ."